ಉಪ್ಪಿಗೆ ಎದ್ದ ದದ್ದು

ಹೋದ ವಾರ ಪಕ್ಕದ ಮನೆಯ ಮಕ್ಕಳು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹುಣಸೆ ಬೀಜ ಹುರಿಯುತ್ತಿದ್ದರು. ಆ ಘಮ ಗೋಡೆ ದಾಟಿ ನಮ್ಮ ಪಡಸಾಲೆಗೆ ಬಂತು. ಊರಿಗೆಲ್ಲ ಬಾಯಲ್ಲಿ ನೀರೂರಿಸುವ ವಾಸನೆ ಅದು. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಎಳೆದುಕೊಳ್ಳುತ್ತೇನೆ. ಐವತ್ತು ವರ್ಷದ ಅಭ್ಯಾಸ. ಅವತ್ತೂ ಹಾಗೇ ಮಾಡಿದೆ. ಕಿಟಕಿ ಮುಚ್ಚಿ ಕೂತ ಮೇಲೆ ಸೂಜಿಯಕ್ಕ ನೆನಪಾದರು. ಆಮೇಲೆ ಸಂಜೆಯವರೆಗೆ ಯಾವ ಕೆಲಸವೂ ಸಾಗಲಿಲ್ಲ...

ಸೂಜಿಯಕ್ಕ ಅನ್ನುವುದು ನಾನೇ ಇಟ್ಟುಕೊಂಡ ಹೆಸರು. ಸೇಲಂ ಪಟ್ಟಣದ ಒಂದು ಆಸ್ಪತ್ರೆಯ ಹಿಂಬದಿಯಲ್ಲಿ ಹೆಂಚಿನ ಕಟ್ಟಡವೊಂದಿತ್ತು. ಅದರಲ್ಲಿ ದೂರದ ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗದವರು ಎರಡು ಕೋಣೆ ತೆರೆದಿದ್ದರು. ಒಂದು, ಒಬ್ಬರಿಂದೊಬ್ಬರಿಗೆ ಹರಡುವ ಕಾಯಿಲೆಗಳಿಗೆ. ಇನ್ನೊಂದು ಅಲರ್ಜಿಗೆ. ಜಗಲಿ ಮಾತ್ರ ಎರಡಕ್ಕೂ ಒಂದೇ. ಅಲರ್ಜಿ ಕೋಣೆಯಲ್ಲಿ ರೋಗಿಯ ಮುಂಗೈಯನ್ನು ಸೂಜಿಮೊನೆಯಿಂದ ಮೆಲ್ಲಗೆ ಗೀರಿ, ಗೀರಿದ ಕಡೆಗೆಲ್ಲ ಒಂದೊಂದು ಹನಿ ಇಟ್ಟು, ಯಾವುದಕ್ಕೆ ದದ್ದು ಏಳುತ್ತದೆಂದು ಕಾದು ನೋಡುವ ನರ್ಸು ಅವರು. ಅದು ಎಪ್ಪತ್ತರ ದಶಕದ ಮೊದಲ ಭಾಗ. ಅವರಿಗೆ ನಲವತ್ತರ ಹತ್ತಿರ ಇರಬಹುದು, ನನಗೆ ಹತ್ತೊಂಬತ್ತೋ ಇಪ್ಪತ್ತೋ.

ನನ್ನ ತವರು ತಮಿಳು ಸೀಮೆಯ ಗಡಿಯಲ್ಲಿರುವ ತಳಿ ಅನ್ನುವ ಊರಿನ ಕಡೆ. ಅಲ್ಲಿ ಕನ್ನಡ ಶಾಲೆಯಿತ್ತು, ಎಂಟರವರೆಗೆ ಓದಿದೆ. ಇವತ್ತು ಇದನ್ನು ಬರೆಯಲು ಆಗುತ್ತಿರುವುದು ಆ ಪುಣ್ಯದಿಂದ. ಮದುವೆ ಮಾಡಿ ಕೊಟ್ಟದ್ದು ಮಾರಂಡಹಳ್ಳಿ ಪಕ್ಕದ ಹಳ್ಳಿಗೆ, ಕುರಿ ಸಾಕಿ ಕಂಬಳಿ ನೇಯುವ ಮನೆಗೆ. ಗಂಡಸರು ಮಗ್ಗದ ಗುಂಡಿಯಲ್ಲಿ ಕೂತು ನೇಯುತ್ತಿದ್ದರು, ಹೆಂಗಸರು ಉಣ್ಣೆ ನೂಲುತ್ತಿದ್ದರು. ನೇಯ್ದ ಕಂಬಳಿಗೆ ಹುಣಸೆ ಬೀಜದ ಗಂಜಿ ಬಳಿದು ಒಣಗಿಸುವುದು ನಮ್ಮವರ ಪದ್ಧತಿ. ಆಗ ಅದು ಗಟ್ಟಿಯಾಗಿ ನಿಲ್ಲುತ್ತದೆ, ಮಳೆ ನೀರು ಒಳಗೆ ಇಳಿಯುವುದಿಲ್ಲ. ಬೀಜ ಹುರಿದು, ಕರಿ ಸಿಪ್ಪೆ ಬಿಡಿಸಿ, ಒರಳಲ್ಲಿ ಕುಟ್ಟಿ, ಜರಡಿ ಹಿಡಿದು ಹಿಟ್ಟು ಮಾಡಿಕೊಡಬೇಕಾದವಳು ಹೊಸ ಸೊಸೆ. ಅದನ್ನು ಯಾರೂ ಕೆಲಸ ಅಂತಲೇ ಎಣಿಸುತ್ತಿರಲಿಲ್ಲ. ಕಸ ಗುಡಿಸಿದ ಹಾಗೆ, ನೀರು ಹೊತ್ತ ಹಾಗೆ, ಅದೂ ಒಂದು.

ಮದುವೆಯಾದ ಮೂರನೇ ತಿಂಗಳಿಗೆ ನನಗೆ ಉಬ್ಬಸ ಹಿಡಿಯಿತು. ಕೂತರೆ ಕೂರಲಾಗದು, ಮಲಗಿದರೆ ಮಲಗಲಾಗದು. ಎದೆಯೊಳಗೆ ಬೆಕ್ಕು ಗುರುಗುಟ್ಟುವ ಸದ್ದು. ವಿಚಿತ್ರವೆಂದರೆ, ತವರಿಗೆ ಹೋದರೆ ಎರಡೇ ದಿನದಲ್ಲಿ ಎಲ್ಲ ಮಾಯ. ವಾಪಸು ಬಂದ ವಾರದೊಳಗೆ ಮತ್ತೆ ಅದೇ. ನಮ್ಮತ್ತೆ ಇದಕ್ಕೆ ತಮ್ಮದೇ ಲೆಕ್ಕಾಚಾರ ಕಟ್ಟಿದ್ದರು. ಒಂದು ದಿನ ನನ್ನ ಎದುರಿಗೇ ಮಗನಿಗೆ ಹೇಳಿದರು.

"ಅವ್ರವ್ವನ ಮನ್ಯಾಗೆ ಉಸ್ರು ಸಲೀಸಾಗಿ ಆಡ್ತೈತೆ. ನಮ್ಮನೆ ಒಸ್ಲು ತುಳಿದ್ರೆ ನಿಂತೋಯ್ತೈತೆ. ಇದು ಕಾಯ್ಲೆ ಅಲ್ಲ ಕಣ್ಲಾ, ಮನ್ಸಿಲ್ಲ ಇವ್ಳಿಗೆ."

ನಮ್ಮ ಯಜಮಾನರು ಕುರಿಗಳ ಹತ್ತಿರ ಆಡಿದಷ್ಟು ಮಾತು ಮನುಷ್ಯರ ಹತ್ತಿರ ಆಡಿದವರಲ್ಲ. ಅವತ್ತೂ ಕಂಬಳಿ ಹೆಗಲಿಗೆ ಹಾಕಿಕೊಂಡು ಹಟ್ಟಿಯ ಕಡೆ ಹೋದರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ಉಸಿರಿದ್ದಿದ್ದರೆ ಜಗಳವಾಡುತ್ತಿದ್ದೆ.

ಊರಿನವರದು ಇನ್ನೊಂದು ಮಾತು. ಮನಸ್ಸಿಲ್ಲದ್ದಲ್ಲ, ಇದು ಕ್ಷಯ, ಮನೆಮಂದಿಗೆಲ್ಲ ಹತ್ತುತ್ತದೆ ಅಂತ. ಮನಸ್ಸಿಲ್ಲದಿದ್ದರೂ ಸರಿ, ಕ್ಷಯವಾದರೂ ಸರಿ, ಎರಡಕ್ಕೂ ಮದ್ದು ಒಂದೇ ಆಗಿತ್ತು: ನನ್ನನ್ನು ತವರಿಗೆ ಕಳಿಸಿಬಿಡುವುದು. ಮಗನಿಗೆ ಕಾರಿಮಂಗಲಂ ಕಡೆ ಇನ್ನೊಂದು ಹುಡುಗಿಯ ಮಾತೂ ನಡೆದಿತ್ತೆಂದು ನನ್ನ ಕಿವಿಗೆ ಬಿತ್ತು. ನನ್ನ ಹಿಂದೆ ಇಬ್ಬರು ತಂಗಿಯರಿದ್ದರು. ಅಕ್ಕ ಬಿಟ್ಟು ಬಂದವಳು ಅಂದರೆ ಅವರನ್ನು ಯಾರು ಕೇಳುತ್ತಾರೆ? ಅದಕ್ಕಿಂತ ಹೆಚ್ಚಾಗಿ... ಈಗ ಹೇಳಲು ನಾಚಿಕೆಯೇನು, ಆ ಮೂಗ ಮನುಷ್ಯ ನನಗೆ ಇಷ್ಟವಾಗಿದ್ದರು. ಮನೆಯೂ ಇಷ್ಟವಾಗಿತ್ತು. ನನಗೆ ಅಲ್ಲೇ ಇರಬೇಕಿತ್ತು.

ಕೊನೆಗೆ ಮಾವನವರು, "ಒಂದ್ ದಪಾ ಸೇಲತ್ನಾಗೆ ತೋರ್ಸಿ. ಅವ್ರೇನ್ ಏಳ್ತಾರೋ ಅಂಗೆ ಮಾಡಾಣ" ಅಂದರು. ನಾನೂ ಅತ್ತೆಯೂ ಮೂರು ಬಸ್ಸು ಹತ್ತಿ ಇಳಿದು ಆಸ್ಪತ್ರೆ ಮುಟ್ಟಿದೆವು. ತಮಿಳು ಬೋರ್ಡು ಓದಲು ಇಬ್ಬರಿಗೂ ಬಾರದು. ಜನ ಎಲ್ಲಿ ಹೆಚ್ಚಿದ್ದಾರೋ ಅಲ್ಲಿ ಒಳ್ಳೆ ಡಾಕ್ಟರಿರುತ್ತಾರೆಂದು ಅತ್ತೆ ತೀರ್ಮಾನಿಸಿ, ನನ್ನನ್ನು ಎಳೆದುಕೊಂಡು ಹೋಗಿ ಹರಡುವ ರೋಗದ ಸಾಲಿನಲ್ಲಿ ನಿಲ್ಲಿಸಿದರು. ಅದೇ ಹೊತ್ತಿಗೆ ನಮ್ಮ ಸಂತೆಯ ಬಳೆಗಾರನೊಬ್ಬ ಅಲ್ಲಿ ಹಾದುಹೋಗಬೇಕೆ? ನಾವು ಊರು ಸೇರುವ ಮೊದಲೇ ಸುದ್ದಿ ಸೇರಿತ್ತು.

ಸಾಲಿನಲ್ಲಿ ಅತ್ತೆ ನನ್ನನ್ನು ಕನ್ನಡದಲ್ಲಿ ಬೈಯುತ್ತಿದ್ದರು. ಅದನ್ನು ಕೇಳಿಸಿಕೊಂಡು ಟ್ರೇ ಹಿಡಿದ ನರ್ಸೊಬ್ಬರು ನಿಂತರು.

"ಯಾವೂರು ತಾಯಿ ನೀವು? ಕನ್ನಡ ಮಾತಾಡ್ತಿದೀರಾ..."

ಸೇಲತ್ತಿನ ಮಗ್ಗದ ಬೀದಿಯ ಕನ್ನಡ, ಅರ್ಧಕ್ಕರ್ಧ ತಮಿಳಿನ ರಾಗ. ಅಪ್ಪ, ಅಣ್ಣ ಎಲ್ಲ ಸೀರೆ ನೇಯುವವರಂತೆ. ನನ್ನ ಉಸಿರನ್ನು ಒಂದು ಗಳಿಗೆ ಕೇಳಿಸಿಕೊಂಡು, ಕೈ ಹಿಡಿದು ಪಕ್ಕದ ಸಾಲಿಗೆ ಕರೆದೊಯ್ದರು. ಎದೆಯ ಫೋಟೋ ತೆಗೆದರು, ಕಫ ಪರೀಕ್ಷೆಯಾಯಿತು. ಕ್ಷಯ ಇರಲಿಲ್ಲ. ನಾನು ಜಗಲಿಯ ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ನಮ್ಮತ್ತೆ ಮಾತ್ರ, "ಅಂಗಾರೆ ನಾನೇಳಿದ್ದೇ ಸರಿ, ಮನ್ಸಿಲ್ಲ" ಅಂದುಬಿಟ್ಟರು.

ಸೂಜಿಯಕ್ಕ ಅವರ ಮುಖ ನೋಡಿ ನಕ್ಕರು. "ಮನಸಿಲ್ದೋಳು ಮೂರು ಬಸ್ ಹತ್ತಿ ಬರ್ತಾಳಾ ಅಮ್ಮಾ? ನಿಮ್ಮ ಮನೇಲಿ ಯಾವ್ದೋ ತೂಸಿ, ಧೂಳು, ಇವಳಿಗೆ ಆಗ್ತಿಲ್ಲ. ಮುಂದಿನ ವಾರ ಬರುವಾಗ ಮನೇಲಿ ಏನೇನು ಪುಡಿ, ಧೂಳು ಐತೋ ಎಲ್ಲಾ ಒಂದೊಂದು ಚಿಟಿಕೆ ತನ್ನಿ. ಒಂದಕ್ಕೊಂದು ಕಲೀಬಾರದು. ಭದ್ರವಾಗಿ ಮುಚ್ಚಿ ತನ್ನಿ."

ನಮ್ಮತ್ತೆ ಬಾಯಿ ಜೋರಾದರೂ ಹೇಳಿದ ಕೆಲಸವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ. ಹಟ್ಟಿಯ ಮಣ್ಣು, ಉಣ್ಣೆಯ ನವಿರು, ಹಳೇ ಕಂಬಳಿಯ ಧೂಳು, ರಾಗಿ ಹಿಟ್ಟು, ಹುರುಳಿ ಹೊಟ್ಟು, ಅರಿಶಿನ, ಖಾರದ ಪುಡಿ, ಒಲೆಯ ಬೂದಿ, ಇನ್ನೂ ಏನೇನೋ, ಕೊನೆಗೆ ಉಪ್ಪು ಕೂಡ. ಪುಡಿ ಅಂದಮೇಲೆ ಉಪ್ಪೂ ಪುಡಿಯೇ ಅಲ್ಲವೇ ಅನ್ನುವುದು ಅವರ ವಾದ. ಹಳೇ ತಮಿಳು ಪೇಪರು ಹರಿದು ಹದಿನಾಲ್ಕು ಪೊಟ್ಟಣ ಮಾಡಿ, ಒಂದು ಕಾಳೂ ಹೊರಗೆ ಬೀಳದಂತೆ ಅಂಚಿಗೆಲ್ಲ ಗಂಜಿ ಬಳಿದು ಮೆತ್ತಿದರು. ಆ ಪೊಟ್ಟಣಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಸೇಲಂವರೆಗೆ ಕೂತೆ. ಧರ್ಮಪುರಿ ದಾಟುವಷ್ಟರಲ್ಲಿ ಏದುಸಿರು ಬಂದು ಕಂಡಕ್ಟರು ಕಿಟಕಿ ಪಕ್ಕದ ಸೀಟು ಕೊಡಿಸಿದ.

ಸೂಜಿಯಕ್ಕ ಪೊಟ್ಟಣ ಹರಿದು, ಒಂದೊಂದನ್ನೂ ಒಂದೊಂದು ಗಾಜಿನ ನಳಿಗೆಗೆ ಕೊಡವಿ, ಔಷಧಿ ನೀರಿನಲ್ಲಿ ನೆನೆಸಿ ಇಟ್ಟರು. ನಮ್ಮನ್ನು ಎರಡು ದಿನ ಅಲ್ಲೇ ಛತ್ರದಲ್ಲಿ ಇರಲು ಹೇಳಿದರು. ಮೂರನೇ ದಿನ ಬೆಳಿಗ್ಗೆ ನನ್ನ ಎರಡೂ ಮುಂಗೈಗೆ ಹದಿನೈದು ಗೀರು. ಹದಿನಾಲ್ಕು ನಮ್ಮ ಪೊಟ್ಟಣಗಳಿಗೆ, ಒಂದು ಬರೀ ನೀರಿಗೆ. ಗೀರಿ, ಹನಿ ಇಟ್ಟು, ಗೋಡೆಯ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ನನ್ನ ಎದುರಿಗೇ ಕೂತರು. ಗದ್ದೆಗೆ ನೀರು ಬಿಟ್ಟವರು ಕಾಲುವೆ ನೋಡುವ ಹಾಗೆ ನನ್ನ ಕೈಯನ್ನೇ ನೋಡುತ್ತಿದ್ದರು.

ನೀರಿನ ಗೀರು ಬಿಟ್ಟು ಹದಿನಾಲ್ಕೂ ಎದ್ದು ಕೂತವು. ಕೈ ತುಂಬ ದದ್ದು, ತುರಿಕೆ. ಡಾಕ್ಟರು ಬಂದು ನೋಡಿದರು. ಒಳ್ಳೆಯ ಮನುಷ್ಯ, ಆದರೆ ಹೊರಗೆ ಅರವತ್ತು ಜನ ಕಾಯುತ್ತಿದ್ದರು. ಮನೆಯಲ್ಲಿರುವ ಯಾವುದೂ ಈ ಹುಡುಗಿಗೆ ಆಗಿಬರುವುದಿಲ್ಲ ಎಂದು ಚೀಟಿಯಲ್ಲಿ ಬರೆದು, ಅತ್ತೆಯ ಕಡೆ ತಿರುಗಿ ತಮಿಳಿನಲ್ಲಿ ಹೇಳಿದರು: "ಅಂದ ವೀಡೇ ಒತ್ತುಕ್ಕಲೆ ಅಮ್ಮಾ." ಆ ಮನೆಯೇ ಇವಳಿಗೆ ಒಗ್ಗುವುದಿಲ್ಲ.

ನಮ್ಮತ್ತೆಗೆ ಬೇಕಾದ್ದು ಅಷ್ಟೇ. ಡಾಕ್ಟರ ಬಾಯಿಂದಲೇ ಬಂದ ಮಾತು. ಗೆದ್ದೆನೆಂದು ಹಿಗ್ಗಲಿಲ್ಲ ಅವರು, ಅದನ್ನು ಹೇಳಬೇಕು. ಮುಖ ಸಣ್ಣದು ಮಾಡಿಕೊಂಡು ಚೀಟಿ ಮಡಿಸಿ ಎಲೆ ಅಡಿಕೆ ಚೀಲದಲ್ಲಿಟ್ಟರು. "ನಡಿ ಮಗಾ. ನಿಮ್ಮಪ್ಪಂಗೆ ಕಾಗ್ದ ಆಕ್ಸಾಣ" ಅಂದರು. ಅಷ್ಟು ಮೆತ್ತಗೆ ಅವರು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು.

ಸೂಜಿಯಕ್ಕ ನನ್ನ ಕೈ ಬಿಟ್ಟಿರಲಿಲ್ಲ. ಎಡಗೈಯ ಕೊನೆಯ ದದ್ದಿನ ಮೇಲೆ ಬೆರಳಿಟ್ಟುಕೊಂಡು ತಮ್ಮ ಪಟ್ಟಿ ನೋಡುತ್ತಿದ್ದರು.

"ಇರಿ ಅಮ್ಮಾ. ಇದು ಉಪ್ಪು. ಉಪ್ಪಿಗೆ ದದ್ದೆದ್ದಿದ್ದ ನಾನು ಪಾತ್ತದೇ ಇಲ್ಲ, ನೋಡಿದ್ದೇ ಇಲ್ಲ. ಉಪ್ಪು ಆಗ್ದೇ ಇರೋಳು ಬದುಕಿರ್ತಾಳಾ?"

ಎದ್ದು ಹೋಗಿ ಕಸದ ಬುಟ್ಟಿಯಿಂದ ನಮ್ಮ ಹರಿದ ಪೊಟ್ಟಣಗಳನ್ನು ತೆಗೆದುಕೊಂಡು ಬಂದರು. ಒಂದರ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದರು. ಒಣಗಿದ ಗಂಜಿ ಪುಡಿಪುಡಿಯಾಗಿ ಉದುರಿತು. ನಾನು ಪಕ್ಕದಲ್ಲೇ ಇದ್ದೆ, ಮೂರು ಸಲ ಸೀನಿದೆ. ನೇಕಾರರ ಮನೆಯ ಮಗಳಲ್ಲವೇ, ಗಂಜಿ ಅಂದರೆ ಅವರ ಬೆರಳಿಗೆ ಗೊತ್ತು.

"ಇದು ಅಕ್ಕಿ ಗಂಜಿ ಅಲ್ಲ. ಏನಿದು?"

"ಉಣ್ಸೆ ಬೀಜದ್ದು. ಕಂಬ್ಳಿಗೆ ಆಕೋದು" ಅಂದರು ಅತ್ತೆ.

"ಇದನ್ನ ಯಾಕೆ ಪೊಟ್ಟಣ ಕಟ್ಟಿ ತರ್ಲಿಲ್ಲ?"

"ಧೂಳು ತತ್ತಾ ಅಂದ್ಯಲ್ಲವ್ವಾ ನೀನು. ಅದು ಧೂಳಲ್ಲ, ಗಂಜಿ."

"ಗಂಜಿಗೆ ಹಿಟ್ಟು ಕುಟ್ಟೋರು ಯಾರು?"

ಅತ್ತೆ ನನ್ನ ಕಡೆ ನೋಡಿದರು. ನಾನೂ ಅವರ ಕಡೆ ನೋಡಿದೆ. ವರ್ಷವಿಡೀ ಒರಳಿನ ಮುಂದೆ ಕೂತು ಆ ಹಿಟ್ಟಿನ ಧೂಳು ಕುಡಿದವಳು ನಾನು, ನನಗೇ ಹೊಳೆದಿರಲಿಲ್ಲ. ಇನ್ನು ಅವರನ್ನು ಏನನ್ನಲಿ?

ಸೂಜಿಯಕ್ಕ ಆಸ್ಪತ್ರೆಯ ಅಡುಗೆಮನೆಯಿಂದ ಬೇರೆ ಉಪ್ಪು ತರಿಸಿ ಮತ್ತೆ ಗೀರಿದರು. ಏನೂ ಏಳಲಿಲ್ಲ. ಛತ್ರದ ರಾಗಿ ಹಿಟ್ಟಿಗೂ ಇಲ್ಲ. ಯಾರದೋ ಉಣ್ಣೆ ಟೋಪಿಯ ನವಿರಿಗೂ ಇಲ್ಲ. ಪೊಟ್ಟಣದ ಅಂಚಿನ ಗಂಜಿಯನ್ನು ನೆನೆಸಿ ಮುಟ್ಟಿಸಿದರು ನೋಡಿ, ಐದು ನಿಮಿಷಕ್ಕೆ ರೂಪಾಯಿಯಗಲ ದದ್ದು. ಪೊಟ್ಟಣ ಹರಿಯುವಾಗ ಅದೇ ಗಂಜಿ ಹದಿನಾಲ್ಕು ನಳಿಗೆಗೂ ಉದುರಿತ್ತು. ಡಾಕ್ಟರನ್ನು ಅರ್ಧ ಕೆಲಸದಿಂದ ಎಬ್ಬಿಸಿಕೊಂಡು ಬಂದರು. ಅವರು ಮೊದಲು ಗದರಿದರು, ಆಮೇಲೆ ಕನ್ನಡಕ ತೆಗೆದು ನನ್ನ ಕೈಯನ್ನು ಬೆಳಕಿಗೆ ಹಿಡಿದು ನೋಡಿದರು. ತಾವು ಬರೆದ ಚೀಟಿಯನ್ನು ಅತ್ತೆಯಿಂದ ವಾಪಸು ಕೇಳಿ ಇಸಿದುಕೊಂಡರು.

ಗಂಜಿ ಬಿಟ್ಟರೆ ಕಂಬಳಿಯಿಲ್ಲ, ಕಂಬಳಿ ಬಿಟ್ಟರೆ ಆ ಮನೆಯಿಲ್ಲ. ಅದಕ್ಕೂ ಸೂಜಿಯಕ್ಕನೇ ಉಪಾಯ ಹೇಳಿದರು. "ಕುಟ್ಟಿದ್ರೆ ತಾನೇ ಧೂಳು? ರಾತ್ರಿ ನೆನೆ ಹಾಕಿ, ಬೆಳಿಗ್ಗೆ ದೋಸೆ ಹಿಟ್ಟಿನ ಥರ ರುಬ್ಬಿ. ಇವಳು ಮಾತ್ರ ಬೇಡ, ಬೇರೆ ಯಾರಾದ್ರೂ ರುಬ್ಬಲಿ." ನಮ್ಮತ್ತೆ ಮೂಗು ಮುರಿದರು. ನೆನೆಸಿ ರುಬ್ಬಿದ ಗಂಜಿ ಕಂಬಳಿಗೆ ಹಿಡಿಯುವುದಿಲ್ಲ, ಅವರ ಅತ್ತೆಯ ಕಾಲದಿಂದ ಕುಟ್ಟಿದ್ದೇ. ಆದರೂ ಊರಿಗೆ ಬಂದ ಎಂಟು ದಿನಕ್ಕೆ ಬೀಜ ನೆನೆ ಹಾಕಿದರು. ನನ್ನನ್ನು ಅತ್ತ ಸುಳಿಯಗೊಡದೆ ತಾವೇ ರುಬ್ಬಿದರು. ಬಳಿದು ಒಣಗಿಸಿದ ಕಂಬಳಿಯನ್ನು ಅಂಗಳದಲ್ಲಿ ನಾಲ್ಕು ಮೂಲೆ ಎತ್ತಿ ಹಿಡಿದು, ನಡುವೆ ಒಂದು ಕೊಡ ನೀರು ಸುರಿದರು. ನಮ್ಮಲ್ಲಿ ಒಳ್ಳೆ ಕಂಬಳಿಗೆ ಪರೀಕ್ಷೆ ಅದೇ. ಬಳೆಗಾರನ ಸುದ್ದಿ ಕೇಳಿ ಬಾಯಿ ಚಪ್ಪರಿಸಿದ್ದ ನೆರೆಯವರೆಲ್ಲ ಬಂದು ನಿಂತಿದ್ದರು. ನೀರು ಕೆರೆಯ ಹಾಗೆ ನಿಂತಿತು, ಕೆಳಗೆ ಒಂದು ತೊಟ್ಟೂ ಬೀಳಲಿಲ್ಲ. ಅತ್ತೆ ನೀರು ಚೆಲ್ಲಿ, "ಕಾರಿಮಂಗ್ಲದೋರ್ಗೆ ಬ್ಯಾಡ ಅಂತ ಏಳ್ಕಳ್ಸು" ಎಂದು ಮಾವನಿಗೆ ಹೇಳಿ ಒಳಗೆ ಹೋದರು. ನಮ್ಮ ಯಜಮಾನರು ಅವತ್ತು ಕುರಿಗಳ ಹತ್ತಿರ ಹೋಗಲು ತಡಮಾಡಿದರು.

ಮರು ವರ್ಷ ವಿಭಾಗದವರು ಸೇಲತ್ತಿನಲ್ಲೇ ಒಂದು ಸಭೆ ಇಟ್ಟುಕೊಂಡಿದ್ದರು. ವಿಶ್ವವಿದ್ಯಾಲಯದಿಂದ ದೊಡ್ಡ ದೊಡ್ಡ ಡಾಕ್ಟರುಗಳು ಬಂದಿದ್ದರು. ನನಗೂ ಕಾಗದ ಬಂತು, ಬಸ್ ಚಾರ್ಜು ಕೊಡುತ್ತೇವೆ, ಬರಬೇಕು ಅಂತ. ವೇದಿಕೆ ಹತ್ತಿಸಿ, ಎಲ್ಲರೆದುರಿಗೆ ಕೈ ಗೀರಿ ದದ್ದು ತೋರಿಸಿದರು. ನಮ್ಮ ಡಾಕ್ಟರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನನಗೇನೂ ತಿಳಿಯಲಿಲ್ಲ, ಆದರೆ ಚಪ್ಪಾಳೆ ಬಿದ್ದಾಗ ತಲೆಬಾಗಿದ್ದು ಡಾಕ್ಟರು. ಸೂಜಿಯಕ್ಕ ಬಾಗಿಲ ಪಕ್ಕ ಟ್ರೇ ಹಿಡಿದು ನಿಂತಿದ್ದರು. ಬಂದವರಲ್ಲಿ ನೆರೆತ ಕೂದಲಿನ ಹಿರಿಯರೊಬ್ಬರು ತಮಿಳಿನಲ್ಲಿ ಕೇಳಿದರು, ಈಗ ಹೇಗಿದ್ದೀಯಮ್ಮ, ಏನಾದರೂ ಹೇಳಬೇಕಾ ಅಂತ. ನನ್ನದು ಹರಕು ಮುರುಕು ತಮಿಳು. ಅದರಲ್ಲೇ ಹೇಳಿದೆ: ಚೆನ್ನಾಗಿದ್ದೇನೆ, ಐದು ತಿಂಗಳ ಬಸುರಿ, ನಮ್ಮ ಮನೆಯಲ್ಲೇ ಇದ್ದೇನೆ. ಉಪ್ಪಿಗೆ ದದ್ದು ಏಳುವುದಿಲ್ಲ ಅಂತ ಕಂಡುಹಿಡಿದವರು ಅಗೋ, ಆ ಅಕ್ಕ.

ನಮ್ಮ ಡಾಕ್ಟರ ಮುಖ ಕೆಂಪಾಯಿತು, ಆದರೆ ಅವರೇ ಇಳಿದುಹೋಗಿ ಸೂಜಿಯಕ್ಕನ ಕೈಯಿಂದ ಟ್ರೇ ತೆಗೆದುಕೊಂಡು ಅವರನ್ನು ಮುಂದೆ ಕರೆತಂದರು. ಎರಡನೇ ಸಲದ ಚಪ್ಪಾಳೆ ಮೊದಲನೆಯದಕ್ಕಿಂತ ಜೋರಾಗಿತ್ತು. ನನಗೆ ಹೆಮ್ಮೆಯಾಯಿತು, ಈಗಲೂ ಆಗುತ್ತದೆ.

ಆಮೇಲೆ ಜಗಲಿಯಲ್ಲಿ ಕೂತಾಗ ಅವರು ನನ್ನನ್ನು ಬೈದರು. "ಯಾಕಮ್ಮಾ ನನ್ನ ವೇಲೆಗೆ, ಇರೋ ಕೆಲಸಕ್ಕೆ ಕಲ್ಲು ಹಾಕ್ತೀಯ?" ಅಂದರು, ಬೈಯುತ್ತಲೇ ನಗುತ್ತಿದ್ದರು. ನಾನು ಸಲಿಗೆಯಿಂದ ಕೇಳಿಬಿಟ್ಟೆ, ನಿಮ್ಮ ಮನೆಯವರು ಏನು ಮಾಡುತ್ತಾರೆ ಅಂತ. ಅವರು ತೋಳಿನ ಮೇಲೆ ಕೈ ಆಡಿಸಿಕೊಂಡರು.

"ಮದುವೆಯಾಗಿ ಮೂರು ತಿಂಗಳಿಗೆ ಇಲ್ಲಿ ಬಿಳೀ ಮಚ್ಚೆ ಬಂತು. ಕುಷ್ಠ ಅಂತ ವಾಪಸು ಬಿಟ್ಟರು. ಯಾರೂ ಡಾಕ್ಟರಿಗೆ ತೋರಿಸ್ಲಿಲ್ಲ. ನಮ್ಮಪ್ಪ ಆಮೇಲೆ ತೋರ್ಸಿದ್ರು. ಬರೀ ಚಿಬ್ಬು. ಒಂದು ತಿಂಗಳು ಮುಲಾಮು ಹಚ್ಚಿದೆ, ಹೋಯ್ತು. ಅಷ್ಟರೊಳಗೆ ಅವರಿಗೆ ಇನ್ನೊಂದು ಮದುವೆಯಾಗಿತ್ತು."

ಅಷ್ಟೇ ಹೇಳಿದ್ದು. ಹೇಳಿ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, ಬಸ್ಸಿಗೆ ಹೊತ್ತಾಯಿತು ಅಂದರು. ಧರ್ಮಪುರಿಯವರೆಗೆ ನಾನು ಅಳುತ್ತಲೇ ಬಂದೆ.

ಮಕ್ಕಳು ಮರಿ, ಕುರಿ ಮಂದೆ, ಅತ್ತೆಯ ಮುಪ್ಪು... ಸೇಲಂ ದೂರವಾಯಿತು. ವರ್ಷಕ್ಕೊಮ್ಮೆ ಹೋಗುತ್ತಿದ್ದದ್ದು ಮೂರು ವರ್ಷಕ್ಕೊಮ್ಮೆಯಾಯಿತು, ಆಮೇಲೆ ಅದೂ ನಿಂತಿತು. ವಿಭಾಗದವರು ಆ ಕೋಣೆಗಳನ್ನು ಮುಚ್ಚಿ ಹೋದರೆಂದು ಯಾರೋ ಹೇಳಿದರು. ಹೋಗಿ ನೋಡಬೇಕು ನೋಡಬೇಕು ಅನ್ನುತ್ತಲೇ ಕಾಲ ಕಳೆದೆ. ಅದು ನನ್ನ ತಪ್ಪು, ಯಾರ ಮೇಲೂ ಹೊರಿಸುವಂತಿಲ್ಲ.

ಹತ್ತು ಹನ್ನೆರಡು ವರ್ಷದ ಹಿಂದೆ ಮೊಮ್ಮಗಳ ಮದುವೆಗೆ ಸೀರೆ ತರಲು ಸೇಲಂಗೆ ಹೋದಾಗ ಮಗ್ಗದ ಬೀದಿಯಲ್ಲಿ ವಿಚಾರಿಸಿದೆ. ಮನೆ ಸಿಕ್ಕಿತು. ಅವರ ಅಣ್ಣನ ಸೊಸೆ ಬಾಗಿಲಿಗೆ ಬಂದು, ನನ್ನನ್ನು ತಮಿಳಿನಲ್ಲಿ ಅಜ್ಜಿಯೆಂದು ಕರೆದು, "ಅತ್ತೆಗೆ ಯಾರ್ದೂ ನೆನಪಿಲ್ಲ ಪಾಟಿ. ನನ್ನೇ ಯಾರು ಅಂತಾರೆ" ಎಂದು ಮೊದಲೇ ಹೇಳಿದಳು. ಒಳಗೆ ಚಾಪೆಯ ಮೇಲೆ ಹಕ್ಕಿಯಷ್ಟಾಗಿ ಕೂತಿದ್ದರು. ನಾನು ಹೆಸರು ಹೇಳಿದೆ, ಊರು ಹೇಳಿದೆ, ಕಂಬಳಿ ಅಂದೆ. ಏನೂ ತಿಳಿಯಲಿಲ್ಲ ಅವರಿಗೆ. ಸುಮ್ಮನೆ ನನ್ನ ಕೈ ಎಳೆದುಕೊಂಡರು. ಬಳೆಗಳನ್ನು ಮೇಲೆ ಸರಿಸಿ, ಮುಂಗೈ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿದರು.

"ಯಾರು ಬಂದ್ರೂ ಹಿಂಗೇ ಮಾಡ್ತಾರೆ ಪಾಟಿ, ತಪ್ಪು ತಿಳ್ಕೋಬೇಡಿ" ಅಂದಳು ಸೊಸೆ.

ನಾನು ಕೈ ಹಿಂದೆಗೆಯಲಿಲ್ಲ. ಅವರು ಗೋಡೆಯ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಕೈಯನ್ನೇ ನೋಡುತ್ತಾ ಕೂತರು. ನಾನೂ ಕೂತೆ. ಹದಿನೈದು ನಿಮಿಷ ಆಗಿರಬೇಕು. ಗೀರು ಬಂದದ್ದೂ ಕಾಣದಂತೆ ಮಾಸಿಹೋಯಿತು. ಅವರು ಅದರ ಮೇಲೆ ಬೆರಳಾಡಿಸಿ ನೋಡಿದರು. ಅವರ ಮುಖ ಹಗುರಾಯಿತು.

"ಏನೂ ಇಲ್ಲ. ನಿನ್ನ ಮನೆಗೆ ಹೋಗು ತಾಯಿ" ಅಂದರು.

ಎರಡು ವರ್ಷದ ಮೇಲೆ ಅವರು ತೀರಿಕೊಂಡರೆಂದು ಸುದ್ದಿ ಬಂತು. ಮಣ್ಣಿಗೆ ಹೋಗಲಾಗಲಿಲ್ಲ. ನಮ್ಮತ್ತೆಯೂ ಇಲ್ಲ, ನಮ್ಮ ಯಜಮಾನರೂ ಹೋದರು. ಇದನ್ನು ಬರೆಯುತ್ತಿರುವುದು ಆ ಮನೆಯ ಪಡಸಾಲೆಯಲ್ಲೇ ಕೂತು. ಈಗಷ್ಟೇ ನನ್ನ ಸೊಸೆ ಬಂದು, ಊಟಕ್ಕೇಳಿ ಅತ್ತೆ ಅಂದಳು.